ಹತ್ತು ವರ್ಷದಾಚೆಯ ನಮ್ಮ ಊರು: ಭವಿಷ್ಯವನ್ನು ಕೂಡಿ ಚರ್ಚಿಸಿ ಯೋಜಿಸುವ ಕ್ರಮ

ಗ್ರಾಮಸಭೆಯಲ್ಲಿ ಮೈಕು ಹಿಡಿದವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ, "ನಿಮ್ಮ ಬೇಡಿಕೆಗಳೇನು?" ಆ ಪ್ರಶ್ನೆ ಬಿದ್ದ ಮೇಲೆ ಸಭೆ ಎತ್ತ ಸಾಗುತ್ತದೆ ಎಂಬುದು ಪಂಚಾಯಿತಿಯ ಒಡನಾಟ ಇರುವವರಿಗೆಲ್ಲ ಗೊತ್ತು. ಒಬ್ಬರು ಮನೆಮುಂದಿನ ಚರಂಡಿ ಹೇಳುತ್ತಾರೆ, ಇನ್ನೊಬ್ಬರು ಸಿ.ಸಿ. ರಸ್ತೆ, ಮತ್ತೊಬ್ಬರು ಬೀದಿದೀಪ; ಮನೆ ಮಂಜೂರಾತಿಯ ಫಲಾನುಭವಿಗಳ ಪಟ್ಟಿ ಓದುವ ಹೊತ್ತಿಗೆ ದನಿಗಳು ಏರುತ್ತವೆ, ಹೆಂಗಸರು ಎದ್ದು ಮನೆಗೆ ಹೊರಡುತ್ತಾರೆ, ಉಳಿದವರು ನಡಾವಳಿ ಪುಸ್ತಕಕ್ಕೆ ಸಹಿ ಹಾಕುತ್ತಾರೆ. ಅಲ್ಲಿ ಹೇಳಿದ ಬೇಡಿಕೆಗಳಲ್ಲಿ ಒಂದೂ ಸುಳ್ಳಲ್ಲ. ಚರಂಡಿ ಬೇಕೇ ಬೇಕು. ಆದರೆ ಇನ್ನು ಹತ್ತು ವರ್ಷಕ್ಕೆ ಈ ಊರಿನಲ್ಲಿ ಕುಡಿಯುವ ನೀರು ಎಲ್ಲಿಂದ ಬರುತ್ತದೆ, ಹೊಲ ಉಳುವವರು ಯಾರಿರುತ್ತಾರೆ, ಬೆಂಗಳೂರಿಗೆ ಹೋದ ಹುಡುಗರಲ್ಲಿ ಯಾರಾದರೂ ಹಿಂದಿರುಗಲು ಕಾರಣವಿರುತ್ತದೆಯೇ ಎಂಬ ಮಾತನ್ನು ಆಡಲು ಅಲ್ಲಿ ಜಾಗವೇ ಇರುವುದಿಲ್ಲ.

ಸಂವಿಧಾನದ 73ನೇ ತಿದ್ದುಪಡಿಯು 1993ರ ಏಪ್ರಿಲ್ 24ರಂದು ಜಾರಿಗೆ ಬಂದಾಗ, 243ಜಿ ಅನುಚ್ಛೇದದ ಮೂಲಕ ಪಂಚಾಯಿತಿಗಳಿಗೆ ಆರ್ಥಿಕ ಅಭಿವೃದ್ಧಿ ಮತ್ತು ಸಾಮಾಜಿಕ ನ್ಯಾಯದ ಯೋಜನೆಗಳನ್ನು ತಯಾರಿಸುವ ಹೊಣೆಗೆ ದಾರಿ ತೆರೆಯಿತು. ಹನ್ನೊಂದನೇ ಅನುಸೂಚಿಯಲ್ಲಿ 29 ವಿಷಯಗಳನ್ನು ಪಟ್ಟಿಮಾಡಿತು. ಕರ್ನಾಟಕದ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮವು ಜನವಸತಿ ಸಭೆ, ವಾರ್ಡ್ ಸಭೆ, ಗ್ರಾಮಸಭೆ ಎಂಬ ಮೂರು ಮೆಟ್ಟಿಲುಗಳನ್ನು ಕೊಟ್ಟಿದೆ. ಅಂದರೆ ಊರವರು ಕೂತು ತಮ್ಮ ನಾಳೆಯನ್ನು ಬರೆಯುವುದಕ್ಕೆ ಕಾನೂನಿನ ಆಸರೆ ಇದೆ. ಕೊರತೆ ಇರುವುದು ಕೂರುವ ಕ್ರಮದಲ್ಲಿ. ಈ ಬರಹ ಆ ಕ್ರಮವನ್ನು ಕುರಿತದ್ದು. ಪಂಚಾಯಿತಿ ಸದಸ್ಯರು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು (ಪಿಡಿಒ), ಸ್ವಸಹಾಯ ಸಂಘದವರು, ಶಿಕ್ಷಕರು ಇದನ್ನು ಬಳಸಬಹುದೆಂಬ ಉದ್ದೇಶದಿಂದ ಬರೆದಿದ್ದೇನೆ. ಉದಾಹರಣೆಗೆ ಬಯಲುಸೀಮೆಯ ಒಂದು ಕೆರೆಯೂರನ್ನು ಇಟ್ಟುಕೊಂಡಿದ್ದೇನೆ. ಮಲೆನಾಡಿಗೋ ಕರಾವಳಿಗೋ ವಿಷಯಗಳು ಬದಲಾಗುತ್ತವೆ, ಕ್ರಮ ಬದಲಾಗುವುದಿಲ್ಲ.

ಈ ಕ್ರಮ ಎಲ್ಲಿಂದ ಬಂತು

ಇಲ್ಲಿ ಹೇಳುವುದು ಯಾವುದೋ ಒಂದೇ ವಿಧಾನವಲ್ಲ. ಜರ್ಮನ್ ಮಾತನಾಡುವ ನಾಡುಗಳಲ್ಲಿ ರಾಬರ್ಟ್ ಯುಂಕ್ ರೂಪಿಸಿದ ಭವಿಷ್ಯ ಕಮ್ಮಟದಲ್ಲಿ ಮೂರು ಹಂತಗಳಿದ್ದವು: ಮೊದಲು ಇರುವುದನ್ನು ಟೀಕಿಸುವುದು, ಆಮೇಲೆ ಯಾವ ಅಡ್ಡಿಯನ್ನೂ ಲೆಕ್ಕಿಸದೆ ಕಲ್ಪಿಸುವುದು, ಕೊನೆಗೆ ಆ ಕಲ್ಪನೆಯನ್ನು ನೆಲಕ್ಕಿಳಿಸುವುದು. ಅಮೆರಿಕದ ಮಾರ್ವಿನ್ ವೈಸ್‌ಬೋರ್ಡ್ ಮತ್ತು ಸಾಂಡ್ರಾ ಜಾನೋಫ್ ಬೆಳೆಸಿದ 'ಫ್ಯೂಚರ್ ಸರ್ಚ್' ಪದ್ಧತಿಯಲ್ಲಿ, ಒಂದು ವಿಷಯಕ್ಕೆ ಸಂಬಂಧಪಟ್ಟ ಎಲ್ಲ ಬಗೆಯ ಅರವತ್ತು ಎಪ್ಪತ್ತು ಜನ ಎರಡು ಮೂರು ದಿನ ಒಂದೇ ಕೋಣೆಯಲ್ಲಿ ಕೂತು ಹಿಂದಿನದು, ಇಂದಿನದು, ಮುಂದಿನದು ಎಂಬ ಅನುಕ್ರಮದಲ್ಲಿ ಮಾತಾಡಿ, ಎಲ್ಲರೂ ಒಪ್ಪುವ ಸಮಾನ ನೆಲೆಯನ್ನು ಹುಡುಕುತ್ತಾರೆ. ನೆಲದ ಮೇಲೆ ರಂಗೋಲಿ ಪುಡಿಯಿಂದ ಊರ ನಕ್ಷೆ ಬಿಡಿಸುವ, ಬೀಜಗಳಿಂದ ಆದ್ಯತೆ ಎಣಿಸುವ ಗ್ರಾಮ ಸಹಭಾಗಿತ್ವ ಸಮೀಕ್ಷೆಯಂತೂ ನಮಗೆ ಹತ್ತಿರದ್ದು. 1980ರ ದಶಕದ ಕೊನೆಯಿಂದ ಮೈರಾಡ ಮೊದಲಾದ ಸಂಸ್ಥೆಗಳು ದಕ್ಷಿಣ ಭಾರತದ ಹಳ್ಳಿಗಳಲ್ಲಿ ಅದನ್ನು ಪಳಗಿಸಿದವು.

ಆದರೆ ನಮ್ಮ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಪಾಠ ಇರುವುದು ನೆರೆಯ ಕೇರಳದಲ್ಲಿ. 1996ರ ಆಗಸ್ಟ್‌ನಲ್ಲಿ ಆರಂಭವಾದ ಜನಕೀಯ ಯೋಜನಾ ಆಂದೋಲನದಲ್ಲಿ ರಾಜ್ಯ ಸರ್ಕಾರ ಯೋಜನಾ ಹಣದ ಶೇ 35ರಿಂದ 40ರಷ್ಟು ಭಾಗವನ್ನು ಸ್ಥಳೀಯ ಸಂಸ್ಥೆಗಳ ಕೈಗೆ ಕೊಡುವುದಾಗಿ ಮೊದಲೇ ಘೋಷಿಸಿತು. ಗ್ರಾಮಸಭೆಯನ್ನು ಒಂದೇ ದೊಡ್ಡ ಗುಂಪಾಗಿ ಕೂರಿಸದೆ ವಿಷಯವಾರು ಸಣ್ಣ ಗುಂಪುಗಳಾಗಿ ಒಡೆದರು, ಪ್ರತಿ ಗುಂಪಿಗೂ ತರಬೇತಿ ಪಡೆದ ಸಂಪನ್ಮೂಲ ವ್ಯಕ್ತಿಗಳನ್ನು ಕೊಟ್ಟರು. ಅಲ್ಲಿ ಬಂದ ಮಾತುಗಳನ್ನು ಪಂಚಾಯಿತಿಯ ಅಭಿವೃದ್ಧಿ ವರದಿಯಾಗಿ ಬರೆದು, ವಿಚಾರ ಸಂಕಿರಣದಲ್ಲಿ ಚರ್ಚಿಸಿ, ಕಾರ್ಯಪಡೆಗಳ ಕೈಯಲ್ಲಿ ಯೋಜನೆಯಾಗಿಸಿದರು. ಮಾತಾಡಿದ್ದಕ್ಕೆ ಫಲವಿದೆ ಎಂಬ ಭರವಸೆ ಮೊದಲು ಬಂದು, ಚರ್ಚೆ ಆಮೇಲೆ ಬಂದದ್ದರಿಂದ ಜನ ಬಂದರು. ಈ ಅನುಕ್ರಮವನ್ನು ನೆನಪಿಟ್ಟುಕೊಳ್ಳಬೇಕು.

ಸಿದ್ಧತೆ

ಚರ್ಚೆ ಕೆಡುವುದು ಹೆಚ್ಚಾಗಿ ಚರ್ಚೆಯ ದಿನದಲ್ಲಲ್ಲ, ಅದಕ್ಕೆ ಹಿಂದಿನ ತಿಂಗಳಲ್ಲಿ. ಹಾಗಾಗಿ ಸಿದ್ಧತೆಗೆ ಒಂದು ತಿಂಗಳನ್ನಾದರೂ ಕೊಡಬೇಕು.

ಮೊದಲ ಕೆಲಸ, ಚರ್ಚೆಯ ಫಲಕ್ಕೆ ಒಂದು ವಾರಸುದಾರಿಕೆ ದೊರಕಿಸುವುದು. ಪಂಚಾಯಿತಿ ಸಾಮಾನ್ಯ ಸಭೆಯಲ್ಲಿ ಒಂದು ನಿರ್ಣಯ ಆಗಬೇಕು: ಇಂಥ ಊರಿನಲ್ಲಿ ಇಂಥ ದಿನಗಳಲ್ಲಿ ಭವಿಷ್ಯದ ಚರ್ಚೆ ನಡೆಯುತ್ತದೆ, ಅಲ್ಲಿ ಮೂಡಿದ ಒಪ್ಪಿತ ಅಂಶಗಳನ್ನು ಮುಂದಿನ ವಾರ್ಡ್ ಸಭೆ ಮತ್ತು ಗ್ರಾಮಸಭೆಯಲ್ಲಿ ಓದಿ ಚರ್ಚೆಗೆ ಇಡಲಾಗುತ್ತದೆ, ಒಪ್ಪದಿದ್ದರೆ ಕಾರಣವನ್ನು ನಡಾವಳಿಯಲ್ಲಿ ಬರೆಯಲಾಗುತ್ತದೆ. ಇಷ್ಟು ಸಿಗದಿದ್ದರೆ ಜನರ ಎರಡು ದಿನದ ಕೂಲಿ ಕಳೆಯುವ ಹಕ್ಕು ನಮಗಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಎರಡನೆಯದು ಕಾಲ. ರಾಗಿ ಕೊಯ್ಲು, ಕಣದ ಕೆಲಸ ಮುಗಿದ ಫೆಬ್ರುವರಿ ತಿಂಗಳು ಬಯಲುಸೀಮೆಗೆ ಹೊಂದುತ್ತದೆ. ಯುಗಾದಿಗೋ ಜಾತ್ರೆಗೋ ನಗರದಿಂದ ಯುವಕರು ಊರಿಗೆ ಬರುವ ದಿನಗಳಿಗೆ ಹೊಂದಿಸಿಕೊಂಡರೆ ಇನ್ನೂ ಒಳ್ಳೆಯದು, ಏಕೆಂದರೆ ಊರು ಬಿಟ್ಟವರು ಏಕೆ ಬಿಟ್ಟರು ಎಂಬುದನ್ನು ಅವರೇ ಹೇಳಬೇಕು. ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯ ಅಭಿಯಾನ 2018ರಿಂದ ಅಕ್ಟೋಬರ್ 2ರಂದು ಆರಂಭವಾಗುವ ವಾಡಿಕೆ ಬೆಳೆದಿದೆ. ಫೆಬ್ರುವರಿ ಮಾರ್ಚ್‌ನಲ್ಲಿ ಚರ್ಚೆ ಮುಗಿದರೆ ನಡುವಿನ ತಿಂಗಳುಗಳು ಸರ್ವೆ, ಅಂದಾಜುಪಟ್ಟಿ, ಕಚೇರಿ ಓಡಾಟಗಳಿಗೆ ದೊರೆಯುತ್ತವೆ. ದಿನದ ಹೊತ್ತನ್ನೂ ಯೋಚಿಸಬೇಕು. ಡೇರಿಗೆ ಹಾಲು ಹಾಕುವ ಹೊತ್ತಿಗೆ ಸಭೆ ಇಟ್ಟರೆ ಹೆಂಗಸರು ಬರುವುದಿಲ್ಲ. ಬೆಳಿಗ್ಗೆ ಹತ್ತರಿಂದ ನಾಲ್ಕರವರೆಗೆ, ನಡುವೆ ಊಟದೊಂದಿಗೆ, ಎರಡು ದಿನ ಎಂಬುದು ಹೊಂದುವ ಅಳತೆ.

ಮೂರನೆಯದು ಜಾಗ. ದೇವಸ್ಥಾನದ ಪೌಳಿಯಲ್ಲಾಗಲಿ, ಯಾರದೋ ಮನೆಯ ಜಗುಲಿಯಲ್ಲಾಗಲಿ ಈ ಚರ್ಚೆ ಇಡಬಾರದು. ಕೇರಿಯವರು ಒಳಗೆ ಬಂದು ಸಮಸಮವಾಗಿ ಕೂರಲು ಹಿಂಜರಿಯುವ ಯಾವ ಜಾಗವೂ ಇದಕ್ಕೆ ತಕ್ಕುದಲ್ಲ. ಶಾಲೆ ಅಥವಾ ಸಮುದಾಯ ಭವನ ಸರಿ. ಎಲ್ಲರೂ ಒಂದೇ ಎತ್ತರದಲ್ಲಿ, ಜಮಖಾನದ ಮೇಲಾದರೆ ಎಲ್ಲರೂ ಜಮಖಾನದ ಮೇಲೆ, ಕುರ್ಚಿಯಾದರೆ ಎಲ್ಲರಿಗೂ ಕುರ್ಚಿ. ವೇದಿಕೆ, ಮೈಕು, ಹಾರ, ಉದ್ಘಾಟನಾ ಭಾಷಣ ಯಾವುದೂ ಬೇಡ. ಶಾಸಕರೋ ಅಧಿಕಾರಿಗಳೋ ಬರುವುದಾದರೆ ಎರಡನೆಯ ದಿನದ ಮಧ್ಯಾಹ್ನ, ಕೇಳಿಸಿಕೊಳ್ಳಲು ಬರಲಿ.

ನಾಲ್ಕನೆಯದು ಯಾರು ಬರಬೇಕು ಎಂಬುದು, ಮತ್ತು ಇದೇ ಅತ್ಯಂತ ಕಷ್ಟದ್ದು. ಡಂಗುರ ಹೊಡೆಸಿದರೆ ಅಥವಾ ವಾಟ್ಸ್‌ಆ್ಯಪ್ ಗುಂಪಿಗೆ ಸಂದೇಶ ಹಾಕಿದರೆ ಬರುವವರು ಯಾವಾಗಲೂ ಬರುವವರೇ. ಆದ್ದರಿಂದ ಊರಿನಲ್ಲಿ ಎಷ್ಟು ಬಗೆಯ ಬದುಕುಗಳಿವೆ ಎಂದು ಮೊದಲು ಬರೆಯಬೇಕು: ಅಚ್ಚುಕಟ್ಟಿನ ಗದ್ದೆಯವರು, ಮಳೆಯಾಶ್ರಿತ ಹೊಲದವರು, ಭೂಮಿ ಇಲ್ಲದ ಕೂಲಿಯವರು, ಕುರಿ ಮೇಯಿಸುವವರು, ಒಂಟಿ ಹೆಂಗಸರ ಮನೆಗಳು, ಅಂಗವಿಕಲರು, ಗಾರ್ಮೆಂಟ್ಸ್ ಬಸ್ಸಿಗೆ ಬೆಳಗಿನ ಜಾವ ಹೊರಡುವ ಹೆಣ್ಣುಮಕ್ಕಳು, ಪಿಯುಸಿ ಓದುವವರು, ಬೇರೆ ರಾಜ್ಯದಿಂದ ಬಂದು ಕೋಳಿ ಫಾರಂನಲ್ಲೋ ಇಟ್ಟಿಗೆ ಗೂಡಿನಲ್ಲೋ ದುಡಿಯುವವರು. ಪ್ರತಿ ಬಗೆಯಿಂದ ಐದಾರು ಜನರಂತೆ ಮನೆಗೆ ಹೋಗಿ ಕರೆಯಬೇಕು. ಒಟ್ಟು ನಲವತ್ತರಿಂದ ಅರವತ್ತನಾಲ್ಕು ಜನ ಇದ್ದರೆ ಎಂಟೆಂಟರ ಗುಂಪುಗಳಾಗಿ ಮಾತು ನಡೆಯುತ್ತದೆ. ಅದಕ್ಕಿಂತ ಹೆಚ್ಚು ಜನ ಬಂದರೆ ಕಳಿಸಬೇಕಿಲ್ಲ, ಗುಂಪುಗಳನ್ನು ಹೆಚ್ಚಿಸಬೇಕು.

ಕೊನೆಯದಾಗಿ ಸುಗಮಕಾರರು. ಒಬ್ಬರು ನಡೆಸಿಕೊಡಲು, ಗುಂಪಿಗೊಬ್ಬರು ಬರೆದುಕೊಳ್ಳಲು. ಅಧ್ಯಕ್ಷರು, ಗುತ್ತಿಗೆದಾರರು, ಊರ ಜಗಳದಲ್ಲಿ ಪಾಲಿರುವವರು ಈ ಕೆಲಸಕ್ಕೆ ಬೇಡ. ನೆರೆಯೂರಿನ ಶಿಕ್ಷಕಿ, ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದ ಪುಸ್ತಕ ಬರಹಗಾರರು, ಪಂಚಾಯಿತಿಯ ಅರಿವು ಕೇಂದ್ರದ ಗ್ರಂಥಪಾಲಕರು ಇದಕ್ಕೆ ಹೇಳಿ ಮಾಡಿಸಿದವರು. ಬರೆದುಕೊಳ್ಳುವವರಿಗೆ ಒಂದೇ ನಿಯಮ: ಆಡಿದ ಮಾತನ್ನು ಆಡಿದಂತೆಯೇ ಬರೆಯಬೇಕು. "ಬೋರು ಕೊರೆಸಿ ಕೊರೆಸಿ ಮನೆ ಮುಳುಗಿತು" ಎಂದು ಒಬ್ಬಾಕೆ ಹೇಳಿದ್ದನ್ನು "ಅಂತರ್ಜಲ ಕುಸಿತದ ಸಮಸ್ಯೆ" ಎಂದು ಬರೆದುಕೊಂಡರೆ, ಸಾಲದ ಸಂಗತಿ ಅಲ್ಲೇ ಕಳೆದುಹೋಗುತ್ತದೆ.

ಮೊದಲ ದಿನ ಬೆಳಿಗ್ಗೆ: ಹಿಂದಿನದು

ಭವಿಷ್ಯದ ಮಾತನ್ನು ಭೂತಕಾಲದಿಂದ ಶುರುಮಾಡುವುದು ವಿಚಿತ್ರವೆನಿಸಬಹುದು. ಅದಕ್ಕೆ ಕಾರಣವಿದೆ. ಸರ್ಕಾರಿ ಭಾಷೆ ಬಾರದ, ಸಭೆಯಲ್ಲಿ ಮಾತಾಡಿ ಅಭ್ಯಾಸವಿಲ್ಲದ ಹಿರಿಯರೂ ಹೆಂಗಸರೂ ನೆನಪುಗಳನ್ನು ಹೇಳುವಾಗ ತಡವರಿಸುವುದಿಲ್ಲ. ಒಮ್ಮೆ ಬಾಯಿ ತೆರೆದವರು ಇಡೀ ದಿನ ಮಾತಾಡುತ್ತಾರೆ. ಜೊತೆಗೆ, ಈ ಊರು ಹಿಂದೆ ಬದಲಾಗಿದೆ ಎಂಬುದು ಕಣ್ಣಿಗೆ ಕಂಡಾಗ ಮುಂದೆಯೂ ಬದಲಾಗಬಹುದು ಎಂಬ ನಂಬಿಕೆ ಹುಟ್ಟುತ್ತದೆ.

ಗೋಡೆಗೆ ಉದ್ದನೆಯ ಕಾಗದ ಅಂಟಿಸಿ ಒಂದು ಗೆರೆ ಎಳೆಯಿರಿ. ಎಲ್ಲರಿಗೂ ಗೊತ್ತಿರುವ ಕೆಲವು ಗುರುತುಗಳನ್ನು ಮೊದಲೇ ಹಾಕಿಡಿ: 1974ರ ಭೂಸುಧಾರಣೆ, 1987ರ ಮಂಡಲ ಪಂಚಾಯಿತಿ ಚುನಾವಣೆ, 2020ರ ಕೊರೊನಾ ಲಾಕ್‌ಡೌನ್. ಅವುಗಳ ನಡುವೆ ಊರಿನ ಸಂಗತಿಗಳನ್ನು ಜನರೇ ಎದ್ದು ಬಂದು ತುಂಬಲಿ. ಕೆರೆ ಕೊನೆಯ ಸಲ ಕೋಡಿ ಹರಿದದ್ದು ಯಾವಾಗ, ಮೊದಲ ಕೊಳವೆಬಾವಿ ಯಾರ ಹೊಲದಲ್ಲಿ ಎಷ್ಟು ಅಡಿಗೆ ನೀರು ಕೊಟ್ಟಿತು, ಕೆರೆ ನೀರು ಹಂಚುವ ನೀರುಗಂಟಿಯ ಕೆಲಸ ಯಾವಾಗ ನಿಂತಿತು, ಹೆಣ್ಣುಮಕ್ಕಳು ಹೈಸ್ಕೂಲಿಗೆ ಹೋಗಲು ಶುರುಮಾಡಿದ್ದು ಯಾವಾಗ. ಇಸವಿ ನೆನಪಿಲ್ಲದವರು "ನನ್ನ ಮದುವೆಯಾದ ಮರುವರ್ಷ" ಎಂದರೂ ಸಾಕು. ಅಕ್ಕಪಕ್ಕದವರು ಇಸವಿ ಕೂಡಿಸುತ್ತಾರೆ. ಒಂದು ಗಂಟೆ ಕೊಟ್ಟರೆ ಗೋಡೆ ತುಂಬುತ್ತದೆ. ಕೊನೆಗೆ ಎರಡೇ ಪ್ರಶ್ನೆ: ಇದರಲ್ಲಿ ನಾವು ಉಳಿಸಿಕೊಂಡು ಹೋಗಬೇಕಾದದ್ದು ಯಾವುದು, ಇಲ್ಲಿಗೇ ಬಿಟ್ಟುಬಿಡಬೇಕಾದದ್ದು ಯಾವುದು? ಎರಡನೆಯ ಪ್ರಶ್ನೆಗೆ ಕೇರಿಯವರಿಂದ ಬರುವ ಉತ್ತರಗಳನ್ನು ಯಾರೂ ತಡೆಯದಂತೆ ನೋಡಿಕೊಳ್ಳಬೇಕು. ಹಳೆಯ ಕಾಲವೆಲ್ಲ ಎಲ್ಲರಿಗೂ ಒಳ್ಳೆಯದಾಗಿರಲಿಲ್ಲ.

ಇಂದಿನದು, ಮತ್ತು ದೂರುಗಳು

ಇದರ ನಂತರ ನೆಲದ ಮೇಲೆ ನಕ್ಷೆ. ರಂಗೋಲಿ ಪುಡಿ, ಇಟ್ಟಿಗೆ ಪುಡಿ, ಇದ್ದಿಲು, ಎಲೆ, ಬೀಜ ಇಷ್ಟೇ ಸಾಮಗ್ರಿ. ಹೆಂಗಸರು ಒಂದು ನಕ್ಷೆ, ಗಂಡಸರು ಇನ್ನೊಂದು ಬಿಡಿಸಲಿ. ಎರಡನ್ನೂ ಪಕ್ಕಪಕ್ಕದಲ್ಲಿ ನೋಡಿದಾಗ ವ್ಯತ್ಯಾಸ ತಾನೇ ತಿಳಿಯುತ್ತದೆ: ಗಂಡಸರ ನಕ್ಷೆಯಲ್ಲಿ ಡೇರಿ, ಗೇಟು, ಹೊಲದ ದಾರಿ ಎದ್ದು ಕಂಡರೆ, ಹೆಂಗಸರ ನಕ್ಷೆಯಲ್ಲಿ ನೀರಿನ ನಲ್ಲಿ, ಸೌದೆ ತರುವ ಜಾಗ, ದೀಪವಿಲ್ಲದ ತಿರುವುಗಳು ಇರುತ್ತವೆ. ಸಮಯವಿದ್ದರೆ ಹನ್ನೆರಡು ತಿಂಗಳ ಪಟ್ಟಿಯೊಂದನ್ನೂ ಮಾಡಬಹುದು. ಯಾವ ತಿಂಗಳು ಕೆಲಸವಿಲ್ಲ, ಯಾವ ತಿಂಗಳು ಸಾಲ, ಯಾವ ತಿಂಗಳು ನೀರಿಲ್ಲ ಎಂಬುದು ಒಂದೇ ನೋಟಕ್ಕೆ ಸಿಗುತ್ತದೆ. ಸಮಯವಿಲ್ಲದಿದ್ದರೆ ಬಿಡಿ, ನಕ್ಷೆಯನ್ನು ಮಾತ್ರ ಬಿಡಬೇಡಿ.

ಹೊರಗಿನಿಂದ ಬರುತ್ತಿರುವ ಬದಲಾವಣೆಗಳನ್ನೂ ಇಲ್ಲೇ ಬರೆಯಬೇಕು. ಕೋಲಾರದ ಕೆರೆಗಳಿಗೆ 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೆ.ಸಿ. ವ್ಯಾಲಿ ಯೋಜನೆಯ ಮೂಲಕ ಹರಿದು ಬರುತ್ತಿದೆ. ಅದಕ್ಕೆ ಹತ್ತು ವರ್ಷ ಮೊದಲು ಆ ಊರುಗಳಲ್ಲಿ ಇಂಥ ಚರ್ಚೆ ನಡೆದಿದ್ದರೆ ಈ ಮಾತು ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಹೆದ್ದಾರಿ, ಕೈಗಾರಿಕಾ ಪ್ರದೇಶ, ಸೋಲಾರ್ ಪಾರ್ಕ್, ಲೇಔಟು, ಮಳೆಯ ಬದಲಾದ ರೀತಿ ಇವುಗಳಲ್ಲಿ ಯಾವುದು ನಮ್ಮೂರ ಕಡೆಗೆ ಬರುತ್ತಿದೆ ಎಂದು ಕೇಳಿ, ಪ್ರತಿಯೊಂದರ ಮುಂದೆಯೂ ಅದಕ್ಕೆ ನಾವೀಗ ಏನು ಮಾಡುತ್ತಿದ್ದೇವೆ ಎಂದು ಬರೆಸಿ. ಬಹುತೇಕ ಕಡೆ ಆ ಅಂಕಣ ಖಾಲಿಯೇ ಉಳಿಯುತ್ತದೆ, ಮತ್ತು ಆ ಖಾಲಿ ಅಂಕಣವೇ ಮಧ್ಯಾಹ್ನದ ಚರ್ಚೆಗೆ ಜನರನ್ನು ಗಂಭೀರವಾಗಿ ಕೂರಿಸುತ್ತದೆ.

ದೂರುಗಳಿಗೆ ಪ್ರತ್ಯೇಕ ಮುಕ್ಕಾಲು ಗಂಟೆ ಇರಲಿ. ನಡೆಸಿಕೊಡುವವರು ಸಾಮಾನ್ಯವಾಗಿ ದೂರುಗಳಿಗೆ ಹೆದರಿ, "ನಕಾರಾತ್ಮಕವಾಗಿ ಮಾತಾಡುವುದು ಬೇಡ" ಎಂದುಬಿಡುತ್ತಾರೆ. ಹಾಗೆ ಅದುಮಿದ ಸಿಟ್ಟು ಮಧ್ಯಾಹ್ನದ ಕನಸಿನೊಳಗೆ ನುಸುಳಿ ಅದನ್ನು ಕೆಡಿಸುತ್ತದೆ. ಒಂದು ಕಾರ್ಡಿಗೆ ಒಂದು ದೂರು, ವ್ಯಕ್ತಿಯ ಹೆಸರಿಲ್ಲದೆ. ಕಾರ್ಡುಗಳನ್ನು ಗೋಡೆಯ ಮೇಲೆ ಹತ್ತಿರ ಹತ್ತಿರದವನ್ನು ಒಟ್ಟುಗೂಡಿಸಿ ಅಂಟಿಸಬೇಕು. ಉತ್ತರ ಕೊಡಲು ಯಾರೂ ಎದ್ದು ನಿಲ್ಲಬಾರದು, ಪಂಚಾಯಿತಿಯವರು ಸಹ. ಕೇಳಿಸಿಕೊಂಡರೆ ಸಾಕು.

ಮೊದಲ ದಿನ ಮಧ್ಯಾಹ್ನ: ಹತ್ತು ವರ್ಷದಾಚೆಗೆ

ಇಡೀ ಕ್ರಮದ ತಿರುಳು ಇದು. ಊಟದ ನಂತರ ಗುಂಪುಗಳನ್ನು ಬದಲಿಸಿ. ಬೆಳಿಗ್ಗೆ ಎಲ್ಲರೂ ಬೆರೆತು ಕೂತಿದ್ದರೆ ಈಗ ಒಂದೇ ಬಗೆಯ ಬದುಕಿನವರು ಒಟ್ಟಿಗೆ ಕೂರಲಿ: ಕೂಲಿ ಹೆಂಗಸರು ಬೇರೆ, ಯುವಕ ಯುವತಿಯರು ಬೇರೆ, ಹಿರಿಯರು ಬೇರೆ, ಜಮೀನಿನವರು ಬೇರೆ. ಬೆರೆತ ಗುಂಪಿನಲ್ಲಿ ಜಮೀನುದಾರರ ಎದುರು ಅವರ ಹೊಲಕ್ಕೆ ಕೂಲಿಗೆ ಹೋಗುವಾಕೆ ತನ್ನ ಕನಸು ಹೇಳುವುದಿಲ್ಲ. ಮಾವನ ಎದುರು ಸೊಸೆ ಹೇಳುವುದಿಲ್ಲ. ಚುನಾಯಿತ ಸದಸ್ಯೆಯ ಪರವಾಗಿ ಅವರ ಪತಿ ಮಾತಾಡುವ ವಾಡಿಕೆಯಿರುವ ಕಡೆ ಈ ವಿಂಗಡಣೆ ಯಾರನ್ನೂ ನೋಯಿಸದೆ ಆ ಸಮಸ್ಯೆಯನ್ನೂ ಬಿಡಿಸುತ್ತದೆ. ಮಕ್ಕಳನ್ನು ಮರೆಯಬಾರದು. ರಾಜ್ಯದಲ್ಲಿ ಮಕ್ಕಳ ಗ್ರಾಮಸಭೆಗಳು ನಡೆಯುತ್ತಿವೆ. ಅಲ್ಲಿ ಮಾತಾಡಿ ಅಭ್ಯಾಸವಾದ ಹತ್ತು ಹದಿನೈದು ಮಕ್ಕಳ ಗುಂಪೊಂದು ಇಲ್ಲಿಯೂ ಇರಲಿ.

ಮೊದಲ ಹತ್ತು ನಿಮಿಷ ಪೂರ್ಣ ಮೌನ. ಕಣ್ಣು ಮುಚ್ಚಲು ಹೇಳಿ, ನಿಧಾನವಾಗಿ ಹೀಗೆ ಓದಬಹುದು: "ಇವತ್ತಿಗೆ ಹತ್ತು ವರ್ಷ ಕಳೆದಿದೆ. ನೀವು ದೂರದ ಊರಿನಿಂದ ಬಂದು ನಮ್ಮೂರ ಗೇಟಿನಲ್ಲಿ ಬಸ್ಸಿಳಿದಿದ್ದೀರಿ. ಊರು ನೀವು ಬಯಸಿದಂತೆಯೇ ಆಗಿದೆ. ಊರೊಳಗೆ ನಡೆದು ಬನ್ನಿ. ಕೆರೆಯ ಏರಿಯ ಮೇಲೆ ನಿಂತಾಗ ಏನು ಕಾಣುತ್ತದೆ? ಶಾಲೆಯ ಮುಂದೆ ಯಾರಿದ್ದಾರೆ? ನಿಮ್ಮ ಮನೆಯಲ್ಲಿ ಅಡುಗೆಗೆ ಏನಿಟ್ಟಿದ್ದಾರೆ? ಕೇರಿಯ ದಾರಿ ಹೇಗಿದೆ? ಸಂಜೆ ಹುಡುಗಿಯರು ಎಲ್ಲಿ ಕೂತು ಮಾತಾಡುತ್ತಿದ್ದಾರೆ? ಕಾಯಿಲೆ ಬಿದ್ದ ಅಜ್ಜಿಯನ್ನು ಯಾರು ನೋಡಿಕೊಳ್ಳುತ್ತಿದ್ದಾರೆ?" ಪ್ರಶ್ನೆಗಳ ನಡುವೆ ಬಿಡುವು ಇರಬೇಕು. ಅವಸರದಲ್ಲಿ ಓದಿದರೆ ಜನರು ಕೇಳುತ್ತಾರೆ, ಕಾಣುವುದಿಲ್ಲ.

ಕಣ್ಣು ತೆರೆದ ಮೇಲೆ ಕಂಡದ್ದನ್ನು ಪ್ರತಿಯೊಬ್ಬರೂ ಮೊದಲು ತಾವೇ ಬರೆಯಬೇಕು ಅಥವಾ ಚಿತ್ರ ಬಿಡಿಸಬೇಕು. ಬರೆಯಲು ಬಾರದವರ ಪಕ್ಕದಲ್ಲಿ ಬರೆದುಕೊಳ್ಳುವವರು ಕೂರಬೇಕು. ಒಬ್ಬೊಬ್ಬರೇ ಬರೆಯುವ ಈ ಮೆಟ್ಟಿಲನ್ನು ಹಾರಿಸಿ ನೇರವಾಗಿ ಗುಂಪು ಚರ್ಚೆಗೆ ಹೋದರೆ ಮೊದಲು ಮಾತಾಡಿದವರ ಕನಸೇ ಎಲ್ಲರ ಕನಸಾಗುತ್ತದೆ. ಆಮೇಲೆ ಸರದಿಯಂತೆ ಪ್ರತಿಯೊಬ್ಬರೂ ಹೇಳಲಿ. ಯಾರೂ ನಡುವೆ ಬಾಯಿ ಹಾಕುವಂತಿಲ್ಲ, "ಅದೆಲ್ಲ ಆಗುವ ಮಾತಲ್ಲ" ಎನ್ನುವಂತಿಲ್ಲ. ಹೇಳುವಾಗ ಒಂದು ನಿಯಮ ಕಡ್ಡಾಯ: ಆಗಬೇಕಾದದ್ದನ್ನು ಆಗಿಹೋದಂತೆ ಹೇಳಬೇಕು. "ಕೆರೆಗೆ ನೀರು ಬರಬೇಕು" ಎಂದು ಬೇಡ. "ಏಪ್ರಿಲ್ ತಿಂಗಳಲ್ಲೂ ತೂಬಿನವರೆಗೆ ನೀರಿದೆ, ದನಕರು ಅಲ್ಲೇ ಕುಡಿಯುತ್ತವೆ" ಎಂದು. ಮೊದಲ ರೀತಿಯಲ್ಲಿ ಹೇಳಿದಾಗ ಅದು ಯಾರಿಗೋ ಸಲ್ಲಿಸುವ ಅರ್ಜಿಯಾಗುತ್ತದೆ. ಎರಡನೆಯ ರೀತಿಯಲ್ಲಿ ಹೇಳಿದಾಗ ಕೇಳುವವರು "ಅಷ್ಟು ನೀರು ಹೇಗೆ ನಿಂತಿತು?" ಎಂದು ಕೇಳುತ್ತಾರೆ, ಆ ಪ್ರಶ್ನೆಯಿಂದಲೇ ಯೋಜನೆ ಶುರುವಾಗುತ್ತದೆ.

ಕನಸು ಸಣ್ಣದಾದರೆ, ಅಂದರೆ ಮತ್ತೆ ಚರಂಡಿ ಮತ್ತು ಬೀದಿದೀಪಕ್ಕೇ ಬಂದು ನಿಂತರೆ, ಅದನ್ನು ತಳ್ಳಿಹಾಕಬೇಡಿ. "ಚರಂಡಿ ಆಗಿದೆ ಎಂದಿಟ್ಟುಕೊಳ್ಳೋಣ. ಆಗಿದ್ದರಿಂದ ನಿಮ್ಮ ಮನೆಯಲ್ಲಿ ಏನು ಬದಲಾಯಿತು?" ಎಂದು ಕೇಳಿ. ಮಕ್ಕಳಿಗೆ ಜ್ವರ ಬರುವುದು ನಿಂತಿತು ಎಂಬ ಉತ್ತರ ಬರಬಹುದು. ಹಾಗಿದ್ದರೆ ಆ ಮನೆಯವರ ನಿಜವಾದ ಆಶಯ ಮಕ್ಕಳ ಆರೋಗ್ಯ. ಅದಕ್ಕೆ ಚರಂಡಿಯೂ ಸೇರಿದಂತೆ ಹಲವು ದಾರಿಗಳಿವೆ, ಕೆಲವು ಚರಂಡಿಗಿಂತ ಬೇಗನೆ ಆಗುವಂಥವು. ಕಾಮಗಾರಿಯ ಹೆಸರಿನ ಹಿಂದೆ ಇರುವ ಬದುಕಿನ ಆಶಯವನ್ನು ಹೊರತೆಗೆಯುವುದೇ ಸುಗಮಕಾರರ ಮುಖ್ಯ ಕೌಶಲ.

ಸಂಜೆಯ ಹೊತ್ತಿಗೆ ಪ್ರತಿ ಗುಂಪೂ ತನ್ನ ಊರನ್ನು ಎಲ್ಲರ ಮುಂದೆ ತೋರಿಸಬೇಕು. ವರದಿ ಓದುವುದು ಬೇಡ. ಹಾಡು, ಸಣ್ಣ ನಾಟಕ, ದೊಡ್ಡ ಹಾಳೆಯ ಚಿತ್ರ, ಹತ್ತು ವರ್ಷದ ನಂತರದ ಆಕಾಶವಾಣಿ ವಾರ್ತೆ, ಯಾವುದಾದರೂ ಸರಿ. ನಾಟಕದಲ್ಲಿ ಆಡಿದ ಮಾತಿಗೆ ಸಿಗುವ ಸ್ವಾತಂತ್ರ್ಯ ಸಭೆಯಲ್ಲಿ ಆಡಿದ ಮಾತಿಗೆ ಸಿಗುವುದಿಲ್ಲ. ಊರ ಹೋಟೆಲಿನಲ್ಲಿ ಎಲ್ಲರಿಗೂ ಒಂದೇ ಲೋಟ ಎಂದು ಕೇರಿಯ ಹುಡುಗರು ಆಡಿ ತೋರಿಸಿದರೆ ಊರು ಅದನ್ನು ಕಾಣಲೇಬೇಕಾಗುತ್ತದೆ. ಚಿತ್ರಗಳನ್ನು ಗೋಡೆಯ ಮೇಲೆ ಬಿಟ್ಟು ಅಂದಿನ ಚರ್ಚೆ ಮುಗಿಸಿ. ರಾತ್ರಿ ಮನೆಮನೆಯಲ್ಲಿ ಆ ಮಾತು ನಡೆಯುತ್ತದೆ.

ಎರಡನೆಯ ದಿನ: ಎಲ್ಲಿ ಒಪ್ಪುತ್ತೇವೆ, ಎಲ್ಲಿ ಒಪ್ಪುವುದಿಲ್ಲ

ಬೆಳಿಗ್ಗೆ ಎಲ್ಲ ಚಿತ್ರಗಳ ಮುಂದೆಯೂ ಜನ ಓಡಾಡಿ ನೋಡಲಿ. ಗುಂಪುಗಳು ಮತ್ತೆ ಬೆರೆಯಲಿ. ಪ್ರತಿ ಬೆರೆತ ಗುಂಪೂ ಎರಡು ಹಾಳೆ ತೆಗೆದುಕೊಂಡು, ಎಲ್ಲ ಚಿತ್ರಗಳಲ್ಲೂ ಕಂಡದ್ದನ್ನು ಒಂದರಲ್ಲಿ, ಕೆಲವುಗಳಲ್ಲಿ ಮಾತ್ರ ಕಂಡದ್ದನ್ನು ಅಥವಾ ಒಂದಕ್ಕೊಂದು ಅಡ್ಡ ಬರುವುದನ್ನು ಇನ್ನೊಂದರಲ್ಲಿ ಬರೆಯಬೇಕು. ನಂತರ ಎಲ್ಲರ ಹಾಳೆಗಳನ್ನು ಒಟ್ಟಿಗೆ ಓದಿ, ಒಪ್ಪಿತ ಪಟ್ಟಿಯ ಪ್ರತಿ ಸಾಲಿಗೂ "ಇದನ್ನು ಒಪ್ಪದವರು ಯಾರಾದರೂ ಇದ್ದೀರಾ?" ಎಂದು ಕೇಳಬೇಕು. ಒಬ್ಬರು ಕೈಯೆತ್ತಿದರೂ ಐದು ನಿಮಿಷ ಮಾತಾಡಿ ನೋಡಿ, ಬಗೆಹರಿಯದಿದ್ದರೆ ಎರಡನೆಯ ಪಟ್ಟಿಗೆ ಸೇರಿಸಬೇಕು.

ಬಹುಮತದಿಂದ ತೀರ್ಮಾನಿಸಬಾರದೇ ಎಂದು ಕೇಳುವವರಿದ್ದಾರೆ. ಈ ಹಂತದಲ್ಲಿ ಬೇಡ. ಗೋಮಾಳದ ಉದಾಹರಣೆ ನೋಡಿ. ಉಳಿದಿರುವ ಗೋಮಾಳವನ್ನು ನಿವೇಶನಕ್ಕೆ ಕೊಡಬೇಕೆಂದು ಹೆಚ್ಚಿನವರು ಬಯಸಬಹುದು, ಕುರಿ ಮೇಯಿಸುವ ನಾಲ್ಕೈದು ಮನೆಯವರಿಗೆ ಅದೇ ಜೀವನಾಧಾರವಾಗಿರಬಹುದು. ಕೈಯೆತ್ತಿಸಿ ಎಣಿಸಿದರೆ ಉತ್ತರ ತಕ್ಷಣ ಸಿಗುತ್ತದೆ, ಆದರೆ ಆ ಮನೆಗಳಿಗೆ ಈ ಚರ್ಚೆಯಿಂದ ಸಿಕ್ಕಿದ್ದು ನಷ್ಟ ಮಾತ್ರ. ಒಪ್ಪದ ಪಟ್ಟಿಯಲ್ಲಿಟ್ಟರೆ ಕೆಲಸ ನಿಲ್ಲುವುದಿಲ್ಲ. ನಿವೇಶನಕ್ಕೆ ಬೇರೆ ಜಾಗವಿದೆಯೇ, ಮೇವಿಗೆ ಬೇರೆ ದಾರಿಯಿದೆಯೇ ಎಂದು ಹುಡುಕಲು ಎರಡೂ ಕಡೆಯ ಇಬ್ಬಿಬ್ಬರನ್ನು ನೇಮಿಸಿ ಮೂರು ತಿಂಗಳ ಗಡುವು ಕೊಡಬಹುದು. ಕೆರೆ ಅಂಗಳದ ಒತ್ತುವರಿ, ಸಾರಾಯಿ ಮಾರುವ ಮನೆ, ಮರಳು ತೆಗೆಯುವುದು ಇಂಥ ವಿಷಯಗಳೂ ಹಾಗೆಯೇ ಬಿಸಿಯೇರಿಸುತ್ತವೆ. ಆಗ ಹೆಸರುಗಳನ್ನು ಬಿಟ್ಟು ಜಾಗ ಮತ್ತು ಅಳತೆಗೆ ಮಾತನ್ನು ತರಬೇಕು: ಯಾರು ಒತ್ತಿದ್ದಾರೆ ಎಂಬುದರ ಬದಲು ಕೆರೆಯ ಗಡಿ ಎಲ್ಲಿದೆ, ಅದನ್ನು ಗುರುತಿಸುವವರು ಯಾರು ಎಂದು. ಆದರೆ ಸಂವಿಧಾನದ ಮಾತಿಗೆ ಚೌಕಾಶಿ ಇಲ್ಲ. ಕೆಲವರಿಗೆ ನಲ್ಲಿಯ ಬಳಿ, ದಾರಿಯಲ್ಲಿ, ಸ್ಮಶಾನದಲ್ಲಿ ಪ್ರವೇಶವಿಲ್ಲ ಎಂಬುದು ಭಿನ್ನಾಭಿಪ್ರಾಯದ ಪಟ್ಟಿಯ ವಿಷಯವೇ ಅಲ್ಲ ಎಂದು ಸುಗಮಕಾರರು ಸ್ಪಷ್ಟವಾಗಿ ಹೇಳಬೇಕು.

ಒಪ್ಪಿತ ಪಟ್ಟಿ ಹತ್ತು ಹದಿನೈದು ಸಾಲಾದರೆ ಅವುಗಳಲ್ಲಿ ಯಾವುದಕ್ಕೆ ಮೊದಲು ಕೈ ಹಾಕಬೇಕೆಂದು ಬೀಜಗಳಿಂದ ತಿಳಿಯಬಹುದು. ಪ್ರತಿ ಅಂಶಕ್ಕೂ ಒಂದು ಚಿತ್ರವಿರುವ ಡಬ್ಬಿ, ಪ್ರತಿಯೊಬ್ಬರಿಗೂ ಐದು ಹುಣಸೆ ಬೀಜ. ಹೆಂಗಸರಿಗೆ ಒಂದು ಬಣ್ಣ ಹಚ್ಚಿದ ಬೀಜ, ಗಂಡಸರಿಗೆ ಬಣ್ಣವಿಲ್ಲದ್ದು. ಡಬ್ಬಿಗಳು ಮರೆಯಲ್ಲಿರಲಿ, ಒಬ್ಬೊಬ್ಬರೇ ಹೋಗಿ ಹಾಕಲಿ. ಎಣಿಸುವಾಗ ಎರಡೂ ಬಣ್ಣದ ಮೊತ್ತವನ್ನು ಬೇರೆ ಬೇರೆ ಹೇಳಬೇಕು. ಎರಡರಲ್ಲೂ ಮೇಲಿರುವ ಮೂರು ಅಂಶಗಳಿಂದ ಶುರುಮಾಡಿದರೆ ಸಾಕು.

ಹಿಂದಕ್ಕೆ ನಡೆಯುತ್ತ ಯೋಜಿಸುವುದು

ಈಗ ಇವತ್ತಿನಿಂದ ಮುಂದಕ್ಕಲ್ಲ, ಹತ್ತನೆಯ ವರ್ಷದಿಂದ ಇವತ್ತಿನ ಕಡೆಗೆ ಬರಬೇಕು. ಮುಂದಕ್ಕೆ ನಡೆದರೆ ಈಗಿರುವ ಅನುದಾನ, ಈಗಿರುವ ಅಡ್ಡಿಗಳೇ ನಮ್ಮನ್ನು ಎಳೆದಾಡುತ್ತವೆ. ಏಪ್ರಿಲ್‌ನಲ್ಲೂ ಕೆರೆಯಲ್ಲಿ ನೀರಿದೆ ಎಂಬ ಕನಸನ್ನೇ ತೆಗೆದುಕೊಳ್ಳೋಣ. ಹತ್ತನೆಯ ವರ್ಷ ಹಾಗಿರಬೇಕಾದರೆ ಏಳನೆಯ ವರ್ಷಕ್ಕೆ ಏನಾಗಿರಬೇಕಿತ್ತು? ಹೂಳೆತ್ತಿರಬೇಕು, ಅಚ್ಚುಕಟ್ಟಿನಲ್ಲಿ ಕಡಿಮೆ ನೀರಿನ ಬೆಳೆಗೆ ಒಪ್ಪಂದವಾಗಿರಬೇಕು. ಅದಕ್ಕೆ ನಾಲ್ಕನೆಯ ವರ್ಷ? ಮಳೆನೀರು ತರುವ ರಾಜಕಾಲುವೆಗಳು ತೆರೆದಿರಬೇಕು, ಏರಿಯ ಸೋರಿಕೆ ನಿಂತಿರಬೇಕು, ನೀರು ಹಂಚುವ ನೀರುಗಂಟಿಯ ವ್ಯವಸ್ಥೆ ಮತ್ತೆ ಶುರುವಾಗಿರಬೇಕು. ಎರಡನೆಯ ವರ್ಷ? ಗಡಿ ಗುರುತಿಸಿ ಕಲ್ಲು ನೆಟ್ಟಿರಬೇಕು. ಹಾಗಿದ್ದರೆ ಈ ವರ್ಷ? ಕೆರೆ ಯಾರ ಅಧೀನದಲ್ಲಿದೆ ಎಂದು ತಿಳಿದು, ಸರ್ವೆಗೆ ಅರ್ಜಿ ಹಾಕಬೇಕು. ಅಚ್ಚುಕಟ್ಟು 40 ಹೆಕ್ಟೇರಿಗಿಂತ ಹೆಚ್ಚಿರುವ ಕೆರೆಗಳು ಸಣ್ಣ ನೀರಾವರಿ ಇಲಾಖೆಗೆ, ಅದಕ್ಕಿಂತ ಚಿಕ್ಕವು ಪಂಚಾಯತ್ ರಾಜ್ ಸಂಸ್ಥೆಗಳಿಗೆ ಸೇರಿದವು; ಇದನ್ನು ತಿಳಿಯದೆ ತಪ್ಪು ಕಚೇರಿಗೆ ಹಾಕಿದ ಅರ್ಜಿ ಮೇಜಿನಿಂದ ಮೇಜಿಗೆ ಅಲೆಯುತ್ತಲೇ ಇರುತ್ತದೆ.

ಹೀಗೆ ಹಿಂದಕ್ಕೆ ಬಂದಾಗ ಸಾಮಾನ್ಯ ಸಭೆಗಳಲ್ಲಿ ಮೊದಲ ಬೇಡಿಕೆಯಾಗುವ ಹೂಳೆತ್ತುವ ಕೆಲಸ ವಾಸ್ತವದಲ್ಲಿ ಮೊದಲನೆಯದಲ್ಲ ಎಂಬುದು ಊರಿಗೇ ಕಾಣುತ್ತದೆ. ಕಾಲುವೆ ಮುಚ್ಚಿರುವಾಗ ತೆಗೆದ ಹೂಳಿನಿಂದ ನೀರು ಬರುವುದಿಲ್ಲ.

ಯಾರು, ಯಾವಾಗ, ಯಾವ ಹಣದಿಂದ

ಪ್ರತಿ ಹೆಜ್ಜೆಯನ್ನೂ ಮೂರು ಬುಟ್ಟಿಗಳಿಗೆ ಹಾಕಬೇಕು: ನಾವೇ ಮಾಡಬಲ್ಲದ್ದು, ಪಂಚಾಯಿತಿ ಮಾಡಬಲ್ಲದ್ದು, ಮೇಲಿನವರಿಂದ ಆಗಬೇಕಾದದ್ದು. ಮೂರನೆಯ ಬುಟ್ಟಿ ಮಾತ್ರ ತುಂಬಿ ಉಳಿದೆರಡು ಖಾಲಿಯಿದ್ದರೆ ಮತ್ತೊಮ್ಮೆ ಕೂರಬೇಕು. ಹಣದ ಮಾತಿಗೆ ಪಿಡಿಒ ಅವರು ಆ ದಿನ ಲೆಕ್ಕದೊಂದಿಗೆ ಹಾಜರಿರಬೇಕು. ಹದಿನೈದನೇ ಹಣಕಾಸು ಆಯೋಗದ 2021-26ರ ಅವಧಿಯಲ್ಲಿ ಗ್ರಾಮೀಣ ಸಂಸ್ಥೆಗಳ ಅನುದಾನದ ಶೇ 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಮೀಸಲು, ಉಳಿದ ಶೇ 40 ಸ್ಥಳೀಯ ಅಗತ್ಯಗಳಿಗೆ ಎಂಬ ಷರತ್ತಿತ್ತು. ಇಂಥ ಷರತ್ತುಗಳು ಅವಧಿಯಿಂದ ಅವಧಿಗೆ ಬದಲಾಗುತ್ತವೆ, ಆದ್ದರಿಂದ ಚಾಲ್ತಿಯಲ್ಲಿರುವುದನ್ನು ಅವರಿಂದಲೇ ಕೇಳಿ ಫಲಕದ ಮೇಲೆ ಬರೆಸಬೇಕು. ಮನೆ ತೆರಿಗೆಯಿಂದ ಬರುವ ಸ್ವಂತ ವರಮಾನ ಎಷ್ಟು, ಬಾಕಿ ಎಷ್ಟು ಎಂಬುದೂ ಅಲ್ಲಿರಲಿ.

ಹೊಣೆಯ ಅಂಕಣದಲ್ಲಿ "ಯುವಕರು", "ಮಹಿಳಾ ಸಂಘ", "ಗ್ರಾಮಸ್ಥರು" ಎಂದು ಬರೆಯಬೇಡಿ. ಸಭೆಯಲ್ಲಿ ಹಾಜರಿದ್ದು, ಒಪ್ಪಿಕೊಂಡ ಒಬ್ಬರ ಹೆಸರಿರಬೇಕು, ಅವರಿಗೆ ಜೊತೆಯಾಗಿ ಇನ್ನೊಬ್ಬರ ಹೆಸರಿರಬೇಕು. ಗೈರುಹಾಜರಾದವರಿಗೆ ಕೆಲಸ ಹಂಚುವುದು ಸುಲಭ, ನಡೆಯುವುದಿಲ್ಲ. ಮೊದಲ ಕೆಲಸ ಒಂದು ತಿಂಗಳೊಳಗೆ ಮುಗಿಯುವಂಥದ್ದು, ಹಣ ಬೇಡದ್ದು ಆಗಿರಲಿ. ಕೋಡಿಯ ಬಳಿ ಬೆಳೆದ ಜಾಲಿ ತೆಗೆಯುವುದೋ, ಅರ್ಜಿ ಬರೆದು ತಾಲ್ಲೂಕು ಕಚೇರಿಗೆ ಮುಟ್ಟಿಸಿ ಸ್ವೀಕೃತಿ ತರುವುದೋ.

ಗ್ರಾಮಸಭೆಗೆ, ಮತ್ತು ಆಮೇಲೆ

ಎರಡು ದಿನಗಳಲ್ಲಿ ಬರೆದದ್ದನ್ನು ಒಂದು ವಾರದೊಳಗೆ ನಾಲ್ಕು ಪುಟಕ್ಕೆ ಇಳಿಸಿ, ಒಪ್ಪಿತ ಪಟ್ಟಿ, ಒಪ್ಪದ ಪಟ್ಟಿ, ವರ್ಷವಾರು ಹೆಜ್ಜೆಗಳು, ಹೊಣೆ ಹೊತ್ತವರು ಎಂದು ವಿಂಗಡಿಸಿ, ಭಾಗವಹಿಸಿದವರಿಗೆ ಓದಿ ಹೇಳಿ ತಿದ್ದಿಸಿಕೊಳ್ಳಬೇಕು. ಭಾಗವಹಿಸದವರ ಕೇರಿಗಳಲ್ಲೂ ಒಂದೊಂದು ಸಂಜೆ ಓದಬೇಕು. ಜನವಸತಿ ಸಭೆ ಇದಕ್ಕೆ ಸರಿಯಾದ ವೇದಿಕೆ. ಅಲ್ಲಿ ಬಂದ ಆಕ್ಷೇಪಗಳನ್ನು ಸೇರಿಸಿದ ಪ್ರತಿ ವಾರ್ಡ್ ಸಭೆಗೆ, ಅಲ್ಲಿಂದ ಗ್ರಾಮಸಭೆಗೆ ಹೋಗಲಿ. ಗ್ರಾಮಸಭೆಯಲ್ಲಿ ಅದನ್ನು ಮಂಡಿಸುವವರು ಚರ್ಚೆಯಲ್ಲಿ ಭಾಗವಹಿಸಿದ ಊರವರೇ ಆಗಿರಬೇಕು, ಸುಗಮಕಾರರಲ್ಲ. ಪ್ರತಿ ಅಂಶದ ಮೇಲೆ ಆದ ತೀರ್ಮಾನವನ್ನು ನಡಾವಳಿಯಲ್ಲಿ ಬರೆಸಿ, ಅದರ ದೃಢೀಕೃತ ಪ್ರತಿ ಪಡೆದು ಇಟ್ಟುಕೊಳ್ಳಬೇಕು.

ಗೋಡೆಯ ಮೇಲಿದ್ದ ಚಿತ್ರಗಳನ್ನೂ ಕಾಲರೇಖೆಯನ್ನೂ ಎಸೆಯಬಾರದು. ಅರಿವು ಕೇಂದ್ರದ ಗೋಡೆಯಲ್ಲಿ ಅವುಗಳಿಗೊಂದು ಜಾಗ ಕೇಳಿ. ಅವುಗಳ ಪಕ್ಕದಲ್ಲೇ ಹೊಣೆ ಹೊತ್ತವರ ಪಟ್ಟಿಯಿರಲಿ, ಆದ ಕೆಲಸದ ಮುಂದೆ ಆದ ದಿನಾಂಕ ಬರೆಯಲಿ, ಆಗದ್ದರ ಮುಂದೆ ಕಾರಣ ಬರೆಯಲಿ. ಮೂರು ತಿಂಗಳಿಗೊಮ್ಮೆ ಹೊಣೆ ಹೊತ್ತವರು ಒಂದು ಗಂಟೆ ಕೂತರೆ ಸಾಕು. ವರ್ಷಕ್ಕೊಮ್ಮೆ, ಅದೇ ಫೆಬ್ರುವರಿಯಲ್ಲಿ, ಎಲ್ಲರೂ ಅರ್ಧ ದಿನ ಸೇರಿ ಒಪ್ಪದ ಪಟ್ಟಿಯನ್ನು ಮೊದಲು ತೆರೆಯಬೇಕು: ಗೋಮಾಳದ ಇಬ್ಬಿಬ್ಬರು ಏನು ಕಂಡುಕೊಂಡರು, ಯಾವ ಸಾಲು ಈಗ ಒಪ್ಪಿತ ಪಟ್ಟಿಗೆ ಬರಬಹುದು, ಹೊಸದಾಗಿ ಯಾವುದು ಸೇರಬೇಕು ಎಂದು ಕೇಳಿ, ಆಮೇಲೆ ಆ ವರ್ಷದ ಹೆಜ್ಜೆಗಳಿಗೆ ಹೊಸ ಹೆಸರುಗಳನ್ನು ಬರೆಯಬೇಕು.